ಒಂದೂರಿನ ಕಪಾಟು, ಕತೆ ಹತ್ತಾರು ಬಗೆ

ಪತ್ತೇದಾರಿ ಓದುವವರು ಪುರಾಣದ ಕಡೆ ತಿರುಗುವುದು ಕಡಿಮೆ. ಸಾಂಸಾರಿಕ ಕಾದಂಬರಿಗೆ ಒಗ್ಗಿದವರಿಗೆ ವಿಜ್ಞಾನದ ಕತೆ ದೂರದೂರು. ಮೈಸೂರಿನ ಓದುಗರಿಗೆ ಈ ಬೇಲಿ ದಾಟುವುದು ಸುಲಭ: ಇಲ್ಲಿ ಮೊಹಲ್ಲಾದಿಂದ ಮೊಹಲ್ಲಾಕ್ಕೆ ಹೋದರೆ ಕತೆಯ ಬಗೆಯೇ ಬದಲಾಗುತ್ತದೆ. ನಿಮಗಿದು ಗೊತ್ತೇ?

● ಹೊಸಗನ್ನಡ ಗದ್ಯದ ಮೊದಲ ಹೆಜ್ಜೆಗಳಲ್ಲಿ ಒಂದು, ರಾಜಕೀಯ ಒಳಸಂಚಿನ ಕತೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಮೈಸೂರಿನಲ್ಲಿ ಕೆಂಪುನಾರಾಯಣ 1823ರಲ್ಲಿ ಬರೆದ ‘ಮುದ್ರಾಮಂಜೂಷ’ದಲ್ಲಿ ಚಾಣಕ್ಯನೂ ಅಮಾತ್ಯ ರಾಕ್ಷಸನೂ ಒಬ್ಬರ ಮೇಲೊಬ್ಬರು ತಂತ್ರ ಹೂಡುತ್ತಾರೆ. ಗೂಢಚಾರರ ಕತೆ ಇಷ್ಟಪಡುವವರಿಗೆ ಇದಕ್ಕಿಂತ ಹಳೆಯ ನೆಂಟ ಕನ್ನಡ ಗದ್ಯದಲ್ಲಿ ಸಿಗುವುದು ಕಷ್ಟ.

● ಅದಾಗಿ 80 ವರ್ಷ ದಾಟಿದ ಮೇಲೆ, 1905ರಲ್ಲಿ, ಇದೇ ಊರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಾಶಾಸ್ತ್ರಿಗಳು ಕೌಟಿಲ್ಯನ, ಅಂದರೆ ಚಾಣಕ್ಯನ, ‘ಅರ್ಥಶಾಸ್ತ್ರ’ದ ಹಸ್ತಪ್ರತಿಯನ್ನು ಗುರುತಿಸಿದರು, 1909ರಲ್ಲಿ ಅದು ಅಚ್ಚಾಯಿತು. ಕತೆಯ ಚಾಣಕ್ಯ ಮೈಸೂರಿಗೆ ಮೊದಲು ಬಂದ, ಶಾಸ್ತ್ರದ ಚಾಣಕ್ಯ ಆಮೇಲೆ ಬಂದ.

● ಗಾದೆಮಾತೊಂದು ಕಾದಂಬರಿಯ ಹೆಸರಾಯಿತು. ಎಂ.ಎಸ್. ಪುಟ್ಟಣ್ಣನವರ ‘ಮಾಡಿದ್ದುಣ್ಣೋ ಮಹಾರಾಯ’ (1915) ಮುಮ್ಮಡಿಯವರ ಕಾಲದ ಜನಜೀವನವನ್ನು ಹಿಡಿದಿಟ್ಟ ಸಾಮಾಜಿಕ ಕಾದಂಬರಿ. ಅದಕ್ಕೂ ಮೊದಲು, 1899ರಲ್ಲಿ, ಕರಾವಳಿಯಲ್ಲಿ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಬಂದಿತ್ತು. ಎರಡನ್ನೂ ಒಟ್ಟಿಗೆ ಓದಿದರೆ ಕನ್ನಡ ಕಾದಂಬರಿ ಕಣ್ಣುಬಿಟ್ಟ ಕಾಲ ಎದುರಿಗೇ ನಿಲ್ಲುತ್ತದೆ.

● ಪುರಾಣದ ಋಷಿ ಕಾದಂಬರಿಯ ನಾಯಕನಾಗಬಲ್ಲನೇ? ಆಗಬಲ್ಲ ಎಂದು ತೋರಿಸಿದವರು ಮೈಸೂರಿನಲ್ಲೇ ಹುಟ್ಟಿದ ದೇವುಡು ನರಸಿಂಹಶಾಸ್ತ್ರಿ. ‘ಮಹಾಬ್ರಾಹ್ಮಣ’ದಲ್ಲಿ ಅವರು ವಿಶ್ವಾಮಿತ್ರನ ಒಳಗುದಿಯನ್ನು ಬರೆದರು. ನಹುಷನ ಕತೆಯಾದ ‘ಮಹಾಕ್ಷತ್ರಿಯ’ಕ್ಕೆ 1962ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

● ಕುವೆಂಪು ಬರೆದದ್ದು ಎರಡೇ ಕಾದಂಬರಿ: ‘ಕಾನೂರು ಹೆಗ್ಗಡಿತಿ’ (1936) ಮತ್ತು ‘ಮಲೆಗಳಲ್ಲಿ ಮದುಮಗಳು’ (1967). ನಡುವೆ 31 ವರ್ಷದ ಅಂತರ. ಮಲೆನಾಡಿನ ಮಳೆ, ಜಿಗಣೆ, ಜೀತ, ಜಾತಿ ಎಲ್ಲ ಉಸಿರಾಡುವ ಈ ಪುಸ್ತಕಗಳ ಲೇಖಕರು ಬಾಳಿನ ಬಹುಭಾಗ ಇದ್ದದ್ದು ಬಯಲುಸೀಮೆಯ ಮೈಸೂರಿನಲ್ಲಿ. ಒಂಟಿಕೊಪ್ಪಲಿನ ಮನೆಯ ಹೆಸರು ‘ಉದಯರವಿ’.

● ಅಲ್ಲಿಗೆ ಹತ್ತಿರದ ಯಾದವಗಿರಿಯಲ್ಲಿ ಆರ್.ಕೆ. ನಾರಾಯಣ್ ಮನೆ ಕಟ್ಟಿಸಿದರು. ಅವರು ಕಲ್ಪಿಸಿದ ಊರು ಮಾಲ್ಗುಡಿ 1935ರ ‘ಸ್ವಾಮಿ ಅಂಡ್ ಫ್ರೆಂಡ್ಸ್’ನಲ್ಲಿ ಮೊದಲು ಕಾಣಿಸಿಕೊಂಡಿತು. 2011ರಲ್ಲಿ ಈ ಮನೆ ನೆಲಸಮವಾಗುವ ಹಂತಕ್ಕೆ ಬಂದಾಗ ಓದುಗರೂ ನಾಗರಿಕರೂ ದನಿಯೆತ್ತಿದರು. ಮನೆ ಉಳಿಯಿತು, 2016ರಿಂದ ಅದು ವಸ್ತುಸಂಗ್ರಹಾಲಯ.

● ಶಂಕರ್‌ನಾಗ್ ಮಾಲ್ಗುಡಿಯನ್ನು ಟಿವಿಗೆ ತಂದಾಗ ಅದನ್ನು ಕಂಡುಕೊಂಡದ್ದು ಆಗುಂಬೆಯಲ್ಲಿ.

● ಕುವೆಂಪು, ನಾರಾಯಣ್, ಎ.ಕೆ. ರಾಮಾನುಜನ್, ಪೂರ್ಣಚಂದ್ರ ತೇಜಸ್ವಿ: ನಾಲ್ವರೂ ಮಹಾರಾಜ ಕಾಲೇಜಿನ ವಿದ್ಯಾರ್ಥಿಗಳು.

● ಅದೇ ಕಾಲೇಜಿನಲ್ಲಿ ಚರಿತ್ರೆಯ ಪಾಠ ಹೇಳುತ್ತಿದ್ದ ನಾ. ಕಸ್ತೂರಿ ಕನ್ನಡದ ನಗೆಬರಹಕ್ಕೆ ‘ಅನರ್ಥಕೋಶ’ ಕೊಟ್ಟರು. ಅವರು ಹುಟ್ಟಿದ್ದು ಕೇರಳದಲ್ಲಿ, ಮನೆಮಾತು ಮಲಯಾಳಂ. ಕಲಿತ ಭಾಷೆಯಲ್ಲಿ ನಗಿಸುವುದು ಎಷ್ಟು ಕಷ್ಟ ಎಂದು ಬಲ್ಲವರು ಅವರಿಗೆ ತಲೆಬಾಗುತ್ತಾರೆ.

● ಮನಸ್ಸಿನ ಕಾಯಿಲೆಯನ್ನು ಮುಚ್ಚಿಡುತ್ತಿದ್ದ ಕಾಲದಲ್ಲಿ ತ್ರಿವೇಣಿ ಅದನ್ನೇ ಕಾದಂಬರಿಯ ವಸ್ತು ಮಾಡಿಕೊಂಡರು. ‘ಶರಪಂಜರ’ದ ಕಾವೇರಿ ಗುಣವಾಗಿ ಮನೆಗೆ ಮರಳುತ್ತಾಳೆ, ಅವಳನ್ನು ಗುಣವಾದವಳೆಂದು ಒಪ್ಪಲು ಸುತ್ತಲಿನವರೇ ಸಿದ್ಧರಿಲ್ಲ. 1953ರ ‘ಹೂವು ಹಣ್ಣು’ವಿನಿಂದ 1963ರಲ್ಲಿ ತೀರಿಕೊಳ್ಳುವವರೆಗೆ ಅವರಿಗೆ ಸಿಕ್ಕಿದ್ದು ಹತ್ತೇ ವರ್ಷ. ಅಷ್ಟರಲ್ಲಿ ಸುಮಾರು 20 ಕಾದಂಬರಿ ಬರೆದರು. ಚಾಮರಾಜಪುರದ ಅವರ ಮನೆ ಈಗ ಅವರ ನೆನಪಿನ ಮನೆ.

● ಪುಟ್ಟಣ್ಣ ಕಣಗಾಲ್ ನಿರ್ದೇಶಿಸಿದ ಮೊದಲ ಕನ್ನಡ ಚಿತ್ರ ‘ಬೆಳ್ಳಿಮೋಡ’ (1967) ತ್ರಿವೇಣಿಯವರ ಕಾದಂಬರಿಯದೇ. ‘ಶರಪಂಜರ’ 1971ರಲ್ಲಿ ತೆರೆಗೆ ಬಂತು.

● ‘ಎರಡು ಕನಸು’, ‘ಶುಭಮಂಗಳ’, ‘ಹೊಸ ಬೆಳಕು’ ಮೂರೂ ಸಿನಿಮಾ ನೋಡಿದ್ದೀರಾ? ಮೂರರ ಮೂಲವೂ ಒಬ್ಬರೇ ಲೇಖಕಿಯ ಕಾದಂಬರಿಗಳು: ಶ್ರೀರಂಗಪಟ್ಟಣದಲ್ಲಿ ಹುಟ್ಟಿದ ವಾಣಿ. ಚಿತ್ರದ ಹಾಡು ಬಾಯಿಪಾಠವಿರುವವರು ಒಮ್ಮೆ ಪುಸ್ತಕವನ್ನೂ ತೆರೆದು ನೋಡಬೇಕು.

● ತಮ್ಮ ಕಾದಂಬರಿಯನ್ನು ತಾವೇ ಸಿನಿಮಾ ಮಾಡಿದವರು ಚದುರಂಗ. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಅರಸು ಮನೆತನದ ಈ ಲೇಖಕರು 1950ರಲ್ಲಿ ಬರೆದ ‘ಸರ್ವಮಂಗಳಾ’ವನ್ನು 1968ರಲ್ಲಿ ತೆರೆಗೆ ತಂದರು. ಅವರ ‘ವೈಶಾಖ’ಕ್ಕೆ 1982ರ ಅಕಾಡೆಮಿ ಪ್ರಶಸ್ತಿ.

● ಎಚ್.ಡಿ. ಕೋಟೆ ಕಡೆಯ ಆಲನಹಳ್ಳಿ ಕೃಷ್ಣ ಪೇಟೆಯ ಸಾಮಾನು ಹಳ್ಳಿ ಹೊಕ್ಕಾಗ ಏನಾಗುತ್ತದೆ ಎಂಬುದನ್ನು ‘ಪರಸಂಗದ ಗೆಂಡೆತಿಮ್ಮ’ನಲ್ಲಿ ಹೇಳಿದರು. ‘ಕಾಡು’ ಕಾದಂಬರಿಯಲ್ಲಿ ಹಳ್ಳಿಯ ಹಗೆತನವನ್ನು ನೋಡುವುದು ಒಬ್ಬ ಹುಡುಗನ ಕಣ್ಣು.

● ದೇವನೂರ ಮಹಾದೇವರ ‘ಕುಸುಮಬಾಲೆ’ಯಲ್ಲಿ ದೀಪಗಳ ಜೋತಮ್ಮಗಳು ಇರುಳಲ್ಲಿ ಒಂದೆಡೆ ಸೇರಿ ಮಾತಿಗಿಳಿಯುತ್ತಾರೆ. ನಂಜನಗೂಡು ಸೀಮೆಯ ಆಡುಮಾತೇ ಇಲ್ಲಿ ಕಾವ್ಯ. ಕಣ್ಣಿನಲ್ಲಿ ಓದಿ ಬಿಗಿ ಅನ್ನಿಸಿದರೆ ಗಟ್ಟಿಯಾಗಿ ಓದಿ ನೋಡಿ, ಕಿವಿ ದಾರಿ ತೋರುತ್ತದೆ. 1990ರ ಅಕಾಡೆಮಿ ಪ್ರಶಸ್ತಿ ಪಡೆದ ಇದು ಗಾತ್ರದಲ್ಲಿ ಚಿಕ್ಕ ಪುಸ್ತಕ.

● ಅದೇ ನಂಜನಗೂಡಿನ ಇನ್ನೊಂದು ಲೋಕ ಎಸ್.ಎಲ್. ಭೈರಪ್ಪನವರ ‘ವಂಶವೃಕ್ಷ’ದಲ್ಲಿದೆ (1965). ಶ್ರೀನಿವಾಸ ಶ್ರೋತ್ರಿಗಳ ಮನೆ ಅಲ್ಲಿ. ಸೊಸೆ ಕಾತ್ಯಾಯನಿ ಓದಲು ಹೋಗುವುದು ಮೈಸೂರಿಗೆ. ‘ಕುಸುಮಬಾಲೆ’ಯ ಪಕ್ಕದಲ್ಲೇ ಇದನ್ನಿಟ್ಟು ಓದಿದಾಗ ಒಂದೇ ಸೀಮೆಯ ಎರಡು ಬದುಕು ಮುಖಾಮುಖಿಯಾಗುತ್ತವೆ.

● ಒಬ್ಬರೇ ಲೇಖಕರಲ್ಲಿ ಬಗೆಬಗೆ ಬೇಕೇ? ಭೈರಪ್ಪನವರ ‘ಪರ್ವ’ (1979) ಪವಾಡಗಳಿಲ್ಲದ ಮಹಾಭಾರತ, ‘ಮಂದ್ರ’ ಹಿಂದೂಸ್ತಾನಿ ಸಂಗೀತದ ಲೋಕ, ‘ಯಾನ’ (2014) ಸೌರವ್ಯೂಹದಾಚೆಗಿನ ಪಯಣ. ‘ಪರ್ವ’ವನ್ನು 2021ರಲ್ಲಿ ಮೈಸೂರಿನ ರಂಗಾಯಣ ಸುಮಾರು ಎಂಟು ಗಂಟೆಯ ನಾಟಕವಾಗಿಸಿತು. 2025ರ ಸೆಪ್ಟೆಂಬರ್‌ನಲ್ಲಿ ಭೈರಪ್ಪ ಅಗಲಿದರು.

● ಹಾರುವ ಓತಿಯೊಂದನ್ನು ಹುಡುಕಿ ಕಾಡು ಹೊಕ್ಕವರ ಕತೆ ತೇಜಸ್ವಿಯವರ ‘ಕರ್ವಾಲೊ’ (1980). ಒಂದೇ ದಿನದೊಳಗೆ ಓಡುವ ರೋಚಕ ಕತೆ ‘ಜುಗಾರಿ ಕ್ರಾಸ್’ (1994). ಕಾದಂಬರಿ ಓದುವ ಅಭ್ಯಾಸವೇ ಇಲ್ಲದ ಗೆಳೆಯರಿಗೆ ಕೈಗಿಡಲು ಇವೆರಡಕ್ಕಿಂತ ಒಳ್ಳೆಯ ಪುಸ್ತಕ ನಾನು ಕಾಣೆ.

● ಮೈಸೂರಿಗೆ ಹತ್ತಿರದ ಸೋಮನಾಥಪುರದ ಶಿಲ್ಪಗಳ ಕೈಯಲ್ಲಿರುವುದು ಮುಸುಕಿನ ಜೋಳವೇ? ಹಾಗಿದ್ದರೆ ಅಮೆರಿಕದ ಬೆಳೆ ಕೊಲಂಬಸನಿಗಿಂತ ಮೊದಲೇ ಇಲ್ಲಿಗೆ ಬಂದದ್ದು ಹೇಗೆ? ವಿದ್ವಾಂಸರ ಈ ವಾದವನ್ನೇ ಎಳೆಯಾಗಿಟ್ಟುಕೊಂಡು ಕೃಷಿವಿಜ್ಞಾನಿ ಕೆ.ಎನ್. ಗಣೇಶಯ್ಯ ‘ಕನಕ ಮುಸುಕು’ ಎಂಬ ಥ್ರಿಲ್ಲರ್ ಬರೆದರು.

● ಮೈಸೂರಿನಲ್ಲಿ ಹುಟ್ಟಿದ ಎ.ಕೆ. ರಾಮಾನುಜನ್ ಅನಂತಮೂರ್ತಿಯವರ ‘ಸಂಸ್ಕಾರ’ವನ್ನು (1965) ಇಂಗ್ಲಿಷಿಗೆ ತಂದದ್ದು ಹಲವರಿಗೆ ಗೊತ್ತು. ಕನ್ನಡದಲ್ಲಿ ಅವರೇ ‘ಮತ್ತೊಬ್ಬನ ಆತ್ಮಚರಿತ್ರೆ’ ಎಂಬ ಕಾದಂಬರಿ ಬರೆದದ್ದು ಎಷ್ಟು ಜನಕ್ಕೆ ಗೊತ್ತು?

● ಸಣ್ಣಕತೆ ಸಣ್ಣದಲ್ಲ. ಬಾನು ಮುಷ್ತಾಕ್ ಅವರ 12 ಕತೆಗಳ ‘ಹಾರ್ಟ್ ಲ್ಯಾಂಪ್’, ದೀಪಾ ಭಾಸ್ತಿಯವರ ಅನುವಾದದಲ್ಲಿ, 2025ರ ಅಂತರರಾಷ್ಟ್ರೀಯ ಬೂಕರ್ ಗೆದ್ದಿತು. ಕಥಾಸಂಕಲನಕ್ಕೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ಅದೇ ವರ್ಷ ಸೆಪ್ಟೆಂಬರ್ 22ರಂದು ಬಾನು ಚಾಮುಂಡಿಬೆಟ್ಟದಲ್ಲಿ ದಸರಾ ಉದ್ಘಾಟಿಸಿದರು.

● ರಾಜೀವನಗರದಲ್ಲಿ ಒಬ್ಬ ಕೂಲಿ ಕಾರ್ಮಿಕರು ಸ್ವಂತ ದುಡಿಮೆಯಿಂದ ಎಲ್ಲರಿಗೂ ತೆರೆದ ಗ್ರಂಥಾಲಯ ನಡೆಸುತ್ತಿದ್ದರು. 2021ರ ಏಪ್ರಿಲ್‌ನಲ್ಲಿ ಬೆಂಕಿಗೆ ಸುಮಾರು 11,000 ಪುಸ್ತಕ ಬೂದಿಯಾದವು. ಸುದ್ದಿ ಹಬ್ಬುತ್ತಲೇ ಗುರುತು ಪರಿಚಯವಿಲ್ಲದ ಓದುಗರು ಎಲ್ಲೆಲ್ಲಿಂದಲೋ ನೆರವು ಕಳಿಸಿದರು. ತಮಗೆ ಒಬ್ಬರು ಕೊಟ್ಟ ಪುಸ್ತಕದ ಋಣವನ್ನು ಆ ಓದುಗರು ಇನ್ನೊಬ್ಬರಿಗೆ ತೀರಿಸುತ್ತಿದ್ದರು ಎಂದೇ ನನಗೆ ತೋರುತ್ತದೆ.

ಈ ಪಟ್ಟಿಯಲ್ಲಿ ನೀವು ಓದಿರುವುದಕ್ಕೆ ಗುರುತು ಹಾಕಿ. ಗುರುತು ಬೀಳದೆ ಉಳಿದ ಬಗೆ ಯಾವುದೋ, ನಿಮ್ಮ ಮುಂದಿನ ಪುಸ್ತಕ ಅಲ್ಲಿದೆ. ಓದಿ ಮುಗಿದ ಮೇಲೆ ಕಪಾಟಿಗೆ ಸೇರಿಸಬೇಡಿ, ಪಕ್ಕದ ಮನೆಗೆ ಕೊಡಿ.