ಕಾಲು ನೆಲಕ್ಕಿಟ್ಟರೆ ಕೆಲಸ ಕೆಟ್ಟಿತು!

ಸೈಕಲ್ ಮೇಲೆ ಕೂತೇ ಫುಟ್‌ಬಾಲ್ ಆಡೋದನ್ನ ನೋಡಿದ್ದೀರಾ? ಅದೇ ಸೈಕಲ್ ಬಾಲ್. ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್ ಕಡೆ ಇದರ ವಿಶ್ವಕಪ್ ಸರಣಿ ಊರಿಂದ ಊರಿಗೆ, ಒಳಾಂಗಣ ಅಂಕಣಗಳಲ್ಲಿ ಸಾಗುತ್ತದೆ.

ತಂಡಕ್ಕೆ ಇಬ್ಬರೇ. 7 ನಿಮಿಷಗಳ ಎರಡು ಅವಧಿ. ಸೈಕಲ್‌ಗೆ ಬ್ರೇಕ್ ಇಲ್ಲ. ಪೆಡಲ್ ಹಿಂದಕ್ಕೆ ತುಳಿದರೆ ಸೈಕಲ್ಲೂ ಹಿಂದಕ್ಕೆ. ಚೆಂಡನ್ನು ಹೆಚ್ಚಾಗಿ ಚಕ್ರದಿಂದಲೇ ಹೊಡೀಬೇಕು. ಕೈ ಬಳಸೋ ಅವಕಾಶ ಗೋಲ್ ಕಾಯುವವರಿಗೆ ಮಾತ್ರ.

ಕಾಲು ನೆಲಕ್ಕೆ ತಾಗಿತೋ, ತಮ್ಮ ಗೋಲ್ ಗೆರೆಯವರೆಗೆ ಹೋಗಿ ಬಂದ ಮೇಲೇ ಮತ್ತೆ ಆಟ. ಅಷ್ಟು ಹೊತ್ತು ಜೊತೆಗಾರ ಒಬ್ಬನೇ ಎದುರಾಳಿ ಇಬ್ಬರನ್ನೂ ತಡೀಬೇಕು. ಅದಕ್ಕೇ ಇಲ್ಲಿ ಗೆಲ್ಲೋದು ಜೋಡಿಯ ನಂಬಿಕೆ.

ಜೆಕೊಸ್ಲೊವಾಕಿಯಾದ ಪೊಸ್ಪಿಶಿಲ್ ಸಹೋದರರು 1965ರಿಂದ 1988ರ ನಡುವೆ 20 ಸಲ ವಿಶ್ವ ಚಾಂಪಿಯನ್ ಆದರು. ಎರಡು ದಶಕಕ್ಕೂ ಹೆಚ್ಚು ಕಾಲ ಒಬ್ಬರ ಬೆನ್ನನ್ನು ಇನ್ನೊಬ್ಬರು ಕಾಯೋದು ಸುಮ್ನೇನಾ?