ಅಂಗ ಬೇರೆ, ಕೆಟ್ಟ ದಾರಿ ಒಂದೇ

ಪುತ್ತೂರು, ಸುಳ್ಯ, ಕಡಬ ಸೀಮೆಯ ಬದುಕು ನಿಂತಿರುವುದು ಅಡಿಕೆಯ ಮೇಲೆ. ಅಡಿಕೆ ಮತ್ತು ಕ್ಯಾನ್ಸರಿನ ಸುದ್ದಿ ಒಟ್ಟಿಗೆ ಬಂದರೆ ಇಲ್ಲಿ ಮಾತು ಕೂಡಲೇ ಧಾರಣೆಯ ಕಡೆ ಹೊರಳುತ್ತದೆ. ಬೆಳೆಗಾರರ ಆತಂಕ ನ್ಯಾಯವಾದದ್ದೇ. ಆದರೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ, ಹೊಗೆಸೊಪ್ಪು ಸೇರದ ಬರೀ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದ್ದನ್ನು ಮರೆಮಾಚುವುದು ಜಗಿಯುವವರಿಗೆ ಮಾಡುವ ಅನ್ಯಾಯ.

ಅಡಿಕೆಯಲ್ಲಿರುವ ಅರೆಕೋಲಿನ್ ಕೆನ್ನೆಯ ಒಳಪದರದಲ್ಲಿ ಟಿಜಿಎಫ್-ಬೀಟಾ ಎಂಬ ಸಂಕೇತ ಸರಣಿಯನ್ನು ಕೆರಳಿಸುತ್ತದೆ. ಗಾಯ ಮಾಯುವಾಗ ಕೊಲಾಜೆನ್ ನಾರು ಕಟ್ಟಿಸುವ ಸರಣಿ ಅದು. ನಿಲ್ಲದೆ ನಡೆದರೆ ಕೆನ್ನೆ ಬಿಗಿಯುತ್ತದೆ, ಖಾರ ತಾಗಿದರೆ ಉರಿ, ಕೊನೆಗೆ ಬಾಯಿ ತೆರೆಯುವುದೇ ಕಷ್ಟ. ಇದಿನ್ನೂ ಕ್ಯಾನ್ಸರ್ ಅಲ್ಲ, ಆದರೆ ಕೆಲವರಲ್ಲಿ ಅದಕ್ಕೆ ತಿರುಗುತ್ತದೆ. ಜಗಿಯುವುದನ್ನು ಬಿಟ್ಟು ದಂತವೈದ್ಯರಿಗೆ ತೋರಿಸಬೇಕಾದ್ದು ಈ ಹಂತದಲ್ಲೇ.

ಕ್ಯಾನ್ಸರ್ ಆದಾಗ ಕೋಶದೊಳಗೆ ಕೆಡುವುದೇನು? ಭಾರತದ ವಿಜ್ಞಾನಿಗಳು 2013ರಲ್ಲಿ ವಸಡು-ಕೆನ್ನೆಯ ಕ್ಯಾನ್ಸರ್ ಗಡ್ಡೆಗಳ ಜೀನ್‌ಗಳನ್ನು ಓದಿದರು. ಕೆಟ್ಟಿದ್ದವುಗಳಲ್ಲಿ ಟಿಪಿ53 ಇತ್ತು; ಶ್ವಾಸಕೋಶ, ಕರುಳಿನ ಕ್ಯಾನ್ಸರಿನಲ್ಲೂ ಕೆಡುವುದು ಅದೇ. ಎಚ್‌ರಾಸ್ ಕೂಡ ಇತ್ತು. ಅದರ ಒಡಹುಟ್ಟು ಕೆರಾಸ್, ಮೇದೋಜೀರಕ ಗ್ರಂಥಿಯ ಹತ್ತು ಕ್ಯಾನ್ಸರ್ ಗಡ್ಡೆಗಳಲ್ಲಿ ಸುಮಾರು ಒಂಬತ್ತರಲ್ಲಿ ಕೆಟ್ಟಿರುತ್ತದೆ. 2018ರಲ್ಲಿ ಅಮೆರಿಕದ ದೊಡ್ಡ ಯೋಜನೆಯೊಂದು 33 ಬಗೆಯ ಕ್ಯಾನ್ಸರಿನ 9,125 ಗಡ್ಡೆಗಳನ್ನು ಹೋಲಿಸಿ ನೋಡಿತು. ಶೇ. 89ರಷ್ಟು ಗಡ್ಡೆಗಳಲ್ಲಿ ಕೋಶಕ್ಕೆ ಬೆಳೆ, ನಿಲ್ಲು, ಸಾಯಿ ಎನ್ನುವ ಹತ್ತು ಮುಖ್ಯ ಸರಣಿಗಳಲ್ಲಿ ಒಂದಾದರೂ ಕೆಟ್ಟಿತ್ತು. ಎಲ್ಲಕ್ಕಿಂತ ಹೆಚ್ಚು ಕೆಟ್ಟದ್ದು ಎಚ್‌ರಾಸ್, ಕೆರಾಸ್ ಸೇರಿದ ರಾಸ್ ಕುಟುಂಬ ಇರುವ ಸರಣಿಯೇ.

ಹಾಗಾದರೆ ಎಲ್ಲಕ್ಕೂ ಒಂದೇ ಮದ್ದು ಸಾಕೇ? ಸಾಲದು. ರಾಸ್ ಪ್ರೋಟೀನ್ ಕೆಲಸ ಮಾಡಬೇಕಾದರೆ ಕೋಶದ ಪೊರೆಗೆ ಅಂಟಿ ಕೂರಬೇಕು. ಅದಕ್ಕೊಂದು ಜಿಡ್ಡಿನ ಬಾಲ ಬೇಕು. ಟಿಪಿಫಾರ್ನಿಬ್ ಎಂಬ ಮದ್ದು ಆ ಬಾಲ ಜೋಡಿಸುವ ಕಿಣ್ವವನ್ನು ತಡೆಯುತ್ತದೆ. ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನಲ್ಲಿ ಅದು ಸೋತಿತು, ಏಕೆಂದರೆ ಕೆರಾಸ್ ಬೇರೊಂದು ಕಿಣ್ವದಿಂದ ಬೇರೊಂದು ಬಾಲ ಹಚ್ಚಿಸಿಕೊಳ್ಳಬಲ್ಲದು. ತೋಟದ ಒಂದು ಕಣಿ ಕಟ್ಟಿದರೆ ನೀರು ಪಕ್ಕದ ಕಣಿಗೆ ನುಗ್ಗಿದ ಹಾಗೆ. ಎಚ್‌ರಾಸ್‌ಗೆ ಆ ಪಕ್ಕದ ಕಣಿಯೇ ಇಲ್ಲ. 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಎಚ್‌ರಾಸ್ ಹೆಚ್ಚಾಗಿ ಕೆಟ್ಟಿದ್ದ ತಲೆ-ಕುತ್ತಿಗೆ ಕ್ಯಾನ್ಸರಿನ 20 ರೋಗಿಗಳ ಪೈಕಿ 11 ಮಂದಿಯ ಗಡ್ಡೆ ಗಣನೀಯವಾಗಿ ಕುಗ್ಗಿತು.

ಸಣ್ಣ ಪ್ರಯೋಗ ಅದು, ಎಚ್‌ರಾಸ್ ಕೆಟ್ಟಿರುವುದೂ ಕೆಲವೇ ರೋಗಿಗಳಲ್ಲಿ. ಆ ಕೆಲವರು ಯಾರೆಂದು ತಿಳಿಯಬೇಕಾದರೆ ಗಡ್ಡೆಯ ತುಣುಕಿನ ಜೀನ್ ಪರೀಕ್ಷೆ ಆಗಬೇಕು. ಸುಳ್ಯದ ಕೂಲಿಯಾಳಿಗೂ ಕಡಬದ ಸಣ್ಣ ಬೆಳೆಗಾರನಿಗೂ ಕೈಗೆಟಕುವ ಬೆಲೆಯಲ್ಲಿ ಆ ಪರೀಕ್ಷೆ ಸಿಗಬೇಕು.