ಒಂದು ಮನೆಯ ಉದ್ಯೋಗಗಳು

ಅರ್ಥಶಾಸ್ತ್ರದ ಪುಸ್ತಕಗಳಲ್ಲಿ ಮನುಷ್ಯನಿಗೆ ಒಂದೇ ಉದ್ಯೋಗ. ನಮ್ಮ ಕುಂಭಾಶಿಯ ಕಡೆ ಹಾಗಲ್ಲ. ಒಂದೊಂದು ಕಾಲಕ್ಕೆ ಒಂದೊಂದು. ಇದು ನಡೆಯುವ ಬಗೆಯನ್ನು ನಮ್ಮ ಮನೆಯನ್ನೇ ಉದಾಹರಣೆಯಾಗಿಟ್ಟುಕೊಂಡು ವಾಚಕರಿಗೆ ತಿಳಿಸಬಯಸುತ್ತೇನೆ.

ನವೆಂಬರಿನಿಂದ ಮೇ ತನಕ ಅಪ್ಪಯ್ಯ ಯಕ್ಷಗಾನ ಮೇಳದ ವೇಷಧಾರಿ. ರಾತ್ರಿ ಆಟ, ಹಗಲು ನಿದ್ರೆ. ಮಳೆಗೆ ಮುನ್ನ ಗೆಜ್ಜೆ ಬಿಚ್ಚಿದರೆ ಗದ್ದೆಯ ಕೂಲಿ. ಅಮ್ಮ ನೆಟ್ಟಿಗೆ ಹೋಗುವವಳು, ದನ ಕರೆಯುವವಳು, ಅಡುಗೆ ಮಾಡುವವಳು. ಇವುಗಳ ಎಡೆಯಲ್ಲೆಲ್ಲ ಬೀಡಿ.

ಬೀಡಿಯ ಮಹಿಮೆಯೆಂದರೆ, ಅದನ್ನು ಯಾವಾಗ ಬೇಕಾದರೂ ಬಿಟ್ಟು ಏಳಬಹುದು. ರಾತ್ರಿಯೇ ಎಲೆ ನೆನೆಸಿಟ್ಟು, ಬೆಳಿಗ್ಗೆ ಅಳತೆಗೆ ಕತ್ತರಿಸಿ, ಹೊಗೆಸೊಪ್ಪಿನ ಪುಡಿ ತುಂಬಿ ಸುರುಟಿ, ನೂಲು ಸುತ್ತಬೇಕು. ಅನ್ನ ಉಕ್ಕಿದರೆ ಮೊರವನ್ನು ಬದಿಗಿರಿಸಿ ಓಡಬಹುದು. ಮಜೂರಿ ಸಾವಿರ ಬೀಡಿಗೆ ಇಷ್ಟೆಂದು, ಗಂಟೆಯ ಲೆಕ್ಕವಿಲ್ಲ. ನನ್ನ ಕಾಲೇಜಿನ ಶುಲ್ಕವೂ ಆ ಸಾವಿರಗಳಿಂದಲೇ ಬಂದುದು. ಮನೆಯಲ್ಲಿ ಕುಳಿತು ಬೀಡಿ ಕಟ್ಟುವವರನ್ನೂ 1966ರ ಕಾಯಿದೆ ಕಾರ್ಮಿಕರೆಂದೇ ಎಣಿಸಿತು. ಅಮ್ಮನನ್ನು ಕೇಳಿದರೆ ಮಾತ್ರ, "ನಾ ಮನಿಯಗೇ ಇಪ್ಪುದಲ್ದಾ?" ಎನ್ನುತ್ತಾಳೆ!

ಒಂದು ಕೆಲಸ ನಿಂತಾಗ ಇನ್ನೊಂದು ನಡೆಯುತ್ತದೆಂಬುದೇ ಈ ಏರ್ಪಾಡಿನ ಬಲ. 2020ರ ಮಾರ್ಚಿನಲ್ಲಿ ಕೊರೋನಾದಿಂದ ದೇಶವೆಲ್ಲ ಮುಚ್ಚಿದಾಗ ಆ ಲೆಕ್ಕವೇ ತಪ್ಪಿತು. ತಿರುಗಾಟದ ನಡುವೆಯೇ ಮೇಳ ನಿಂತಿತು. ಬೀಡಿಗೆ ಎಲೆ, ಹೊಗೆಸೊಪ್ಪು ಬರಲಿಲ್ಲ. ನೆಟ್ಟಿಗೆ ಇನ್ನೂ ತಿಂಗಳುಗಳಿದ್ದವು. ಹೈಸ್ಕೂಲಿನಲ್ಲಿದ್ದ ನಾನು ನೆರೆಮನೆಯವರ ತೆಂಗಿನಕಾಯಿ ಸುಲಿದೆ. ನಮ್ಮ ಮನೆಗೆ ಮೊದಲು ಮರಳಿದ್ದು ಬೀಡಿಯೇ. ಆಗ ಅಪ್ಪಯ್ಯನೂ ಮೊರದ ಮುಂದೆ ಕುಳಿತರು. ಕಿರೀಟ ಕಟ್ಟಿ ಪಳಗಿದ ಕೈಗೆ ಆ ಸಣ್ಣ ನೂಲು ಒಗ್ಗಲಿಲ್ಲ. ಅವರು ಕಟ್ಟಿದ್ದನ್ನು ಅಮ್ಮ ಮಾತಿಲ್ಲದೆ ಬಿಚ್ಚಿ ಮತ್ತೆ ಕಟ್ಟುತ್ತಿದ್ದಳು.